ಎರಡು ಊರು, ಎರಡು ರೂಟರ್, ನಡುವೆ ಒಂದು ಟನಲ್

ಶಿವಮೊಗ್ಗದಲ್ಲಿ ಅಂಗಡಿ, ತೀರ್ಥಹಳ್ಳಿಯಲ್ಲಿ ಗೋದಾಮು ಎಂದಿಟ್ಟುಕೊಳ್ಳಿ. ಗೋದಾಮಿನಲ್ಲಿ ಕೂತು ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ನೋಡಬೇಕು, ಆದರೆ ಆ ಕಂಪ್ಯೂಟರ್ ಇಂಟರ್‌ನೆಟ್ಟಿಗೆ ಬಟಾಬಯಲಾಗಬಾರದು. ಎರಡೂ ಕಡೆ ರೂಟರ್‌ಓಎಸ್ 7 ಇರುವ ಮೈಕ್ರೋಟಿಕ್ ರೂಟರ್ ಇದ್ದರೆ ವೈರ್‌ಗಾರ್ಡ್ ಟನಲ್ ಕಟ್ಟಬಹುದು. ಕೆಲಸವೆಲ್ಲ ಈ ರೂಟರ್‌ಗಳನ್ನು ಹೊಂದಿಸುವ ತಂತ್ರಾಂಶವಾದ ವಿನ್‌ಬಾಕ್ಸ್‌ನಲ್ಲೇ ಮುಗಿಯುತ್ತದೆ.

ಹಂತ 1: ವಿಳಾಸ ಬೇರೆ ಮಾಡಿ

ಈ ರೂಟರ್‌ಗಳು ಸಾಮಾನ್ಯವಾಗಿ 192.168.88.1 ಎಂಬ ಒಂದೇ ವಿಳಾಸ ಹೊತ್ತು ಬರುತ್ತವೆ. ಎರಡೂ ಕಡೆ ಅದನ್ನೇ ಬಿಟ್ಟರೆ, ಗೋದಾಮಿನ ಕಂಪ್ಯೂಟರ್ ಅಂಗಡಿಯ ವಿಳಾಸವನ್ನು ತನ್ನ ಮನೆಯೊಳಗಿನದೇ ಎಂದು ತಿಳಿದು ಅಲ್ಲೇ ಹುಡುಕುತ್ತದೆ; ಪ್ಯಾಕೆಟ್ ರೂಟರ್‌ಗೆ ಹೋಗುವುದೇ ಇಲ್ಲ. ಅಂಗಡಿಗೆ 192.168.10.0/24, ಗೋದಾಮಿಗೆ 192.168.20.0/24 ಕೊಡಿ. ಡಿಎಚ್‌ಸಿಪಿ ವ್ಯಾಪ್ತಿಯನ್ನೂ ಜೊತೆಗೇ ಬದಲಿಸಿ. ಈ ಬದಲಾವಣೆ ಮಾಡುವಾಗ ಮ್ಯಾಕ್ ವಿಳಾಸದ ಮೂಲಕ ವಿನ್‌ಬಾಕ್ಸ್‌ಗೆ ಹೋಗಿ. ಐಪಿ ಮೂಲಕ ಹೋಗಿ ಅದೇ ಐಪಿ ಬದಲಿಸಿದರೆ, ಕೂತ ಕೊಂಬೆಯನ್ನೇ ಕಡಿದಂತೆ.

ಹಂತ 2: ಸಾರ್ವಜನಿಕ ಐಪಿ ನೋಡಿ

ಒಂದು ಕಡೆಯಾದರೂ ಸಾರ್ವಜನಿಕ ಐಪಿ ಬೇಕು. ರೂಟರ್‌ಗೆ ಹೊರಗಿನಿಂದ ಸಿಕ್ಕ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಅದು ಹಲವು ಗ್ರಾಹಕರು ಹಂಚಿಕೊಂಡ ಐಪಿಯ ಹಿಂದಿದೆ ಎಂದರ್ಥ. ಇಂಟರ್‌ನೆಟ್ ಕೊಡುವವರನ್ನು ಕೇಳಿ ಅಂಗಡಿಗೆ ಸ್ಟ್ಯಾಟಿಕ್ ಐಪಿ ಪಡೆಯಿರಿ.

ಹಂತ 3: ಟನಲ್ ಕಟ್ಟಿ

ಎರಡೂ ರೂಟರ್‌ಗಳಲ್ಲಿ ವೈರ್‌ಗಾರ್ಡ್ ಮೆನುವಿನಲ್ಲಿ ಹೊಸ ಇಂಟರ್‌ಫೇಸ್ ಸೇರಿಸಿ. ಕೀಗಳು ತಾವಾಗಿಯೇ ಹುಟ್ಟುತ್ತವೆ. ಪೋರ್ಟ್ 13231, ಎಂಟಿಯು 1420 ಎಂದಿರುತ್ತದೆ, ಹಾಗೇ ಬಿಡಿ. ಈ ಇಂಟರ್‌ಫೇಸ್‌ಗೆ ಅಂಗಡಿಯಲ್ಲಿ 10.10.10.1/30, ಗೋದಾಮಿನಲ್ಲಿ 10.10.10.2/30 ವಿಳಾಸ ಕೊಡಿ.

ಈಗ ಪಿಯರ್. ಒಬ್ಬರ ಪಬ್ಲಿಕ್ ಕೀ ಇನ್ನೊಬ್ಬರ ಪಿಯರ್‌ಗೆ ಹೋಗಬೇಕು. ಅಲೌಡ್ ಅಡ್ರೆಸ್‌ನಲ್ಲಿ ಎದುರು ಪಕ್ಷದ ವಿಳಾಸಗಳನ್ನು ಬರೆಯಿರಿ: ಅಂಗಡಿಯಲ್ಲಿ 10.10.10.2/32 ಮತ್ತು 192.168.20.0/24, ಗೋದಾಮಿನಲ್ಲಿ 10.10.10.1/32 ಮತ್ತು 192.168.10.0/24. ಗೋದಾಮಿನ ಕಡೆ ಎಂಡ್‌ಪಾಯಿಂಟ್ ಆಗಿ ಅಂಗಡಿಯ ಸಾರ್ವಜನಿಕ ಐಪಿ, ಪೋರ್ಟ್ 13231, ಕೀಪ್‌ಅಲೈವ್ 25 ಸೆಕೆಂಡ್ ಹಾಕಿ.

ಹಂತ 4: ಫೈರ್‌ವಾಲ್

ಮೊದಲು ಸೇಫ್ ಮೋಡ್ ಒತ್ತಿ. ತಪ್ಪು ಮಾಡಿ ಸಂಪರ್ಕ ಕಡಿದರೆ ರೂಟರ್ ಹಳೆಯ ಸ್ಥಿತಿಗೆ ಮರಳುತ್ತದೆ. ಅಂಗಡಿಯಲ್ಲಿ ಇನ್‌ಪುಟ್ ಚೈನ್‌ಗೆ ಯುಡಿಪಿ 13231 ಬಿಡುವ ನಿಯಮ ಸೇರಿಸಿ, ಅದನ್ನು ಹೊರಗಿನವರನ್ನು ತಡೆಯುವ ಡ್ರಾಪ್ ನಿಯಮದ ಮೇಲಕ್ಕೆ ಎಳೆಯಿರಿ. ಕೆಳಗಿದ್ದರೆ ಅದರ ಸರದಿ ಬರುವುದೇ ಇಲ್ಲ. ಪಿಯರ್‌ನಲ್ಲಿ ಲಾಸ್ಟ್ ಹ್ಯಾಂಡ್‌ಶೇಕ್ ಸಮಯ ಕಂಡರೆ ಟನಲ್ ಬಂದಿದೆ. ಸೇಫ್ ಮೋಡ್ ತೆಗೆಯಿರಿ.

ಹಂತ 5: ಹೋಗುವ ದಾರಿ, ಬರುವ ದಾರಿ

ಮೈಕ್ರೋಟಿಕ್‌ನಲ್ಲಿ ಅಲೌಡ್ ಅಡ್ರೆಸ್ ಬರೆದ ಮಾತ್ರಕ್ಕೆ ರೂಟ್ ಹುಟ್ಟುವುದಿಲ್ಲ. ಐಪಿ, ರೂಟ್ಸ್ ಮೆನುವಿನಲ್ಲಿ ನೀವೇ ಸೇರಿಸಬೇಕು. ಅಂಗಡಿಯಲ್ಲಿ: 192.168.20.0/24ಕ್ಕೆ ಗೇಟ್‌ವೇ 10.10.10.2. ಗೋದಾಮಿನಲ್ಲಿ: 192.168.10.0/24ಕ್ಕೆ ಗೇಟ್‌ವೇ 10.10.10.1.

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಒಂದು ಕಡೆ ರೂಟ್ ಹಾಕಿ ಇನ್ನೊಂದು ಕಡೆ ಮರೆಯುತ್ತಾರೆ. ಆಗ ಗೋದಾಮಿನ ಪ್ಯಾಕೆಟ್ ಅಂಗಡಿಗೆ ತಲುಪುತ್ತದೆ, ಕಂಪ್ಯೂಟರ್ ಉತ್ತರವನ್ನೂ ಕೊಡುತ್ತದೆ. ಆದರೆ 192.168.20ರ ದಾರಿ ಗೊತ್ತಿಲ್ಲದ ಅಂಗಡಿಯ ರೂಟರ್ ಆ ಉತ್ತರವನ್ನು ಡಿಫಾಲ್ಟ್ ರೂಟ್ ಹಿಡಿದು ಇಂಟರ್‌ನೆಟ್ ಕಡೆಗೆ ತಳ್ಳುತ್ತದೆ. ಖಾಸಗಿ ವಿಳಾಸಕ್ಕೆ ಅಲ್ಲಿ ದಾರಿಯಿಲ್ಲ. ಉತ್ತರ ಅಲ್ಲೇ ಸಾಯುತ್ತದೆ.

ಹಂತ 6: ಪರೀಕ್ಷೆ

ರೂಟರ್ ಒಳಗಿನಿಂದ ಪಿಂಗ್ ಮಾಡಿ ಸಮಾಧಾನಪಡಬೇಡಿ. ಆ ಪ್ಯಾಕೆಟ್ 10.10.10ರ ವಿಳಾಸದಿಂದ ಹೊರಡುವುದರಿಂದ ಎದುರು ಕಡೆ ರೂಟ್ ಇಲ್ಲದಿದ್ದರೂ ಉತ್ತರ ಬಂದುಬಿಡುತ್ತದೆ. ಗೋದಾಮಿನ ಕಂಪ್ಯೂಟರ್‌ನಿಂದಲೇ ಮೊದಲು ಅಂಗಡಿಯ ರೂಟರ್ 192.168.10.1ಕ್ಕೆ, ಆಮೇಲೆ ಅಂಗಡಿಯ ಪ್ರಿಂಟರ್‌ಗೆ ಪಿಂಗ್ ಮಾಡಿ. ವಿಂಡೋಸ್ ಕಂಪ್ಯೂಟರ್ ಮಾತ್ರ ಉತ್ತರಿಸದಿದ್ದರೆ ಟನಲ್ ಮೇಲೆ ಅನುಮಾನ ಬೇಡ. ಅದರ ಫೈರ್‌ವಾಲ್ ಬೇರೆ ಸಬ್‌ನೆಟ್‌ನ ಪಿಂಗ್ ತಡೆಯುವುದುಂಟು.

ಪಿಂಗ್ ಬಂದ ದಿನವೇ ಎರಡೂ ರೂಟರ್‌ಗಳ ಬ್ಯಾಕಪ್ ತೆಗೆದಿಡಿ. ಆ ಫೈಲಿನಲ್ಲಿ ಪ್ರೈವೇಟ್ ಕೀ ಇರುತ್ತದೆ, ವಾಟ್ಸಾಪ್‌ನಲ್ಲಿ ಯಾರಿಗೂ ಕಳಿಸಬೇಡಿ.