ಹುಬ್ಬಳ್ಳಿಗೆ ಇಳಿದು ಸಾಂಬ್ರಾದಿಂದ ಹೊರಡುವವರಿಗೆ

ಧಾರವಾಡ–ಬೆಳಗಾವಿ ಸೀಮೆ ನೋಡಲು ವಿಮಾನದಲ್ಲಿ ಬರುವವರು ಟಿಕೆಟ್ ಹುಡುಕುವಾಗ ಎರಡೂ ನಿಲ್ದಾಣಗಳನ್ನು ನೋಡಬೇಕು. ಹುಬ್ಬಳ್ಳಿಯಲ್ಲಿ ಸಿಗದ ವೇಳೆ, ದರ ಬೆಳಗಾವಿಯಲ್ಲಿ ಸಿಗುವುದುಂಟು. ಒಂದರಲ್ಲಿ ಇಳಿದು ಇನ್ನೊಂದರಿಂದ ಹೊರಟರೆ ಬಂದ ದಾರಿಯಲ್ಲೇ ಮರಳುವುದೂ ತಪ್ಪುತ್ತದೆ.

ನೇರ ಗೆರೆ ಎಳೆದರೆ ಇವೆರಡರ ನಡುವೆ ಸುಮಾರು 75 ಕಿ.ಮೀ., ರಸ್ತೆಯಲ್ಲಿ ಹೆಚ್ಚುಕಡಿಮೆ 100. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಧಾರವಾಡ, ಕಿತ್ತೂರು, ಹಿರೇಬಾಗೇವಾಡಿ ದಾಟಿ ಕಾರಿನಲ್ಲಿ ಎರಡು ಗಂಟೆಯ ಹಾದಿ. ಚಹಾಕ್ಕೆ ನಿಲ್ಲದೆ, ಟೋಲ್‌ನಲ್ಲಿ ಸಾಲು ಇಲ್ಲದೆ ಹೋದರೆ ಮಾತ್ರ ಈ ಎರಡು ಗಂಟೆ. ವಿಮಾನ ಹಿಡಿಯುವವರು ಮೂರು ಗಂಟೆ ಇಟ್ಟುಕೊಳ್ಳಿ. ಚೆಕ್‌ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ, ನಾಲ್ಕೂವರೆ ಗಂಟೆ ಮುಂಚೆ ಹೊರಟರೆ ನಿಶ್ಚಿಂತೆ.

ಹೊತ್ತು ಹೋಗುವುದು ನಡುವಿನ ಹೆದ್ದಾರಿಯಲ್ಲಲ್ಲ, ಎರಡು ತುದಿಗಳಲ್ಲಿ. ಹುಬ್ಬಳ್ಳಿ ನಿಲ್ದಾಣ ಗೋಕುಲ ರಸ್ತೆಯಲ್ಲಿದೆ. ಅಲ್ಲಿಂದ ಬೈಪಾಸ್ ಹಿಡಿದರೆ ಪೇಟೆಯ ಗದ್ದಲ ತಪ್ಪುತ್ತದೆ, ಆದರೆ ಆ ಬೈಪಾಸ್ ಅಪಘಾತಗಳಿಗೆ ಹೆಸರಾದದ್ದು. ರಾತ್ರಿಯಾದರೆ ಚಾಲಕನನ್ನು ಅವಸರಪಡಿಸಬೇಡಿ. ಬೆಳಗಾವಿಯ ಕಥೆ ಬೇರೆ. ನಿಲ್ದಾಣವಿರುವ ಸಾಂಬ್ರಾ ಊರಿನಿಂದ ಹತ್ತು ಕಿ.ಮೀ. ಆಚೆ, ಬಾಗಲಕೋಟೆ ರಸ್ತೆಯಲ್ಲಿ. ಸಂಜೆಯ ದಟ್ಟಣೆಯಲ್ಲಿ ಸಿಕ್ಕಿಕೊಂಡರೆ ಆ ಕೊನೆಯ ಹತ್ತು ಕಿ.ಮೀ. ಬಲು ಉದ್ದ.

ಬಸ್ಸಿನವರಿಗೆ ವಾಯವ್ಯ ಸಾರಿಗೆಯ ತಡೆರಹಿತ ಬಸ್‌ಗಳಿವೆ. ಹುಬ್ಬಳ್ಳಿಯ ಹೊಸ ಬಸ್ ನಿಲ್ದಾಣವೂ ಗೋಕುಲ ರಸ್ತೆಯಲ್ಲೇ ಇರುವುದು ಅನುಕೂಲ. ಬೆಳಗಾವಿಯಲ್ಲಿ ಇಳಿದು ಸಾಂಬ್ರಾಕ್ಕೆ ಆಟೊ ಹಿಡಿಯಬೇಕು. ಎಲ್ಲಾ ಸೇರಿ ನಾಲ್ಕು ಗಂಟೆ ಹಿಡಿಯಿರಿ. ದಾರಿಯಲ್ಲಿ ಮಲಪ್ರಭೆಯ ದಡಕ್ಕೆ ಎಂ.ಕೆ. ಹುಬ್ಬಳ್ಳಿ ಎಂಬ ಇನ್ನೊಂದು ಊರಿದೆ. ಬೆಳಗಾವಿಯಿಂದ ನಡುವೆ ನಿಲ್ಲುವ ಬಸ್ಸಿನಲ್ಲಿ ಬರುವವರು ಕಂಡಕ್ಟರ್ ‘ಹುಬ್ಬಳ್ಳಿ’ ಎಂದು ಕೂಗಿದ ಕೂಡಲೇ ಚೀಲ ಎತ್ತಿಕೊಂಡು ಇಳಿಯಬೇಡಿ! ರೈಲು ಅಳ್ನಾವರ, ಲೋಂಡಾ ಸುತ್ತಿ ಹೋಗುತ್ತದೆ. ಕಾಡಿನ ನೋಟ ಚೆಂದವೇ, ವಿಮಾನ ಹಿಡಿಯುವ ದಿನಕ್ಕೆ ಮಾತ್ರ ಬೇಡ.

ಕೈಯಲ್ಲಿ ಹೊತ್ತಿದ್ದರೆ ಕಿತ್ತೂರಿನಲ್ಲಿ ನಿಲ್ಲಿ. ಹೆದ್ದಾರಿಯಿಂದ ತುಸು ಒಳಗಿರುವ ಕೋಟೆಯ ಅವಶೇಷ, ವಸ್ತುಸಂಗ್ರಹಾಲಯ ನೋಡಲು ಒಂದೂವರೆ ಗಂಟೆ ಸಾಕು. 1824ರಲ್ಲಿ ಚೆನ್ನಮ್ಮನ ಪಡೆ ಬ್ರಿಟಿಷರನ್ನು ಸೋಲಿಸಿದ ಜಾಗ. ಅಕ್ಟೋಬರಿನ ಉತ್ಸವದಲ್ಲಿ ಭಾರೀ ಜನ ಸೇರುತ್ತಾರೆ.

ಎಲ್ಲಿಗೆ ಯಾವುದು ಹತ್ತಿರ? ದಾಂಡೇಲಿ, ಬಾದಾಮಿ, ಸವದತ್ತಿಗೆ ಹುಬ್ಬಳ್ಳಿಯೇ ಸರಿ. ಗೋಕಾಕ ಜಲಪಾತಕ್ಕೆ ಸಾಂಬ್ರಾ. ಧಾರವಾಡದವರು ಬೆಳಗಾವಿಯ ಟಿಕೆಟ್ ಅಗ್ಗವೆಂದು ಮರುಳಾಗುವ ಮೊದಲು ಟ್ಯಾಕ್ಸಿ ಬಾಡಿಗೆಯನ್ನೂ ಕೂಡಿಸಿ ನೋಡಲಿ. ವಾಪಸ್ ಖಾಲಿ ಬರುವ ಬಾಡಿಗೆ, ಟೋಲ್ ಸೇರಿದೆಯೇ ಎಂದು ಹತ್ತುವ ಮೊದಲೇ ಕೇಳಿ.

ಇನ್ನು ಡಿಸೆಂಬರ್. ಬೆಳಗಾವಿಯ ಸುವರ್ಣ ವಿಧಾನಸೌಧ ಇದೇ ಹೆದ್ದಾರಿಯ ಪಕ್ಕದಲ್ಲಿದೆ. ಚಳಿಗಾಲದ ಅಧಿವೇಶನ ನಡೆಯುವಾಗ ಪ್ರತಿಭಟನೆ, ಬಂದೋಬಸ್ತ್, ತುಂಬಿದ ವಸತಿಗೃಹ ಎಲ್ಲವೂ ಒಟ್ಟಿಗೇ ಎದುರಾಗುತ್ತವೆ. ಆ ದಿನಗಳಲ್ಲಿ ಬರಲೇಬೇಕಾದರೆ ಹುಬ್ಬಳ್ಳಿಯಲ್ಲೇ ಇಳಿದು, ಹುಬ್ಬಳ್ಳಿಯಿಂದಲೇ ಮರಳಿ.