ಶಾಲೆಗೆ ಮುಂಚೆ ಮಗುವು ಕಲಿಯತಕ್ಕ ಪಾಠಗಳು

"ನಮ್ಮ ಮಗುವು ಅಕ್ಷರಗಳನ್ನು ಬಲ್ಲದು, ಇನ್ನು ಶಾಲೆಗೆ ಕಳುಹಿಸಬಹುದು" ಎಂದು ಹೆತ್ತವರು ಹೇಳುವದುಂಟು. ಆದರೆ ಆ ಮಗುವು ಶಾಲೆಯ ಬಾಗಲಲ್ಲಿ ತಾಯಿಯ ಸೆರಗನ್ನು ಬಿಡದೆ ಅತ್ತರೆ, ಅಥವಾ ಪಕ್ಕದವನ ಬಳಪವನ್ನು ಕಸುಕೊಂಡು ಹೊಡೆದರೆ, ಆ ಅಕ್ಷರಗಳಿಂದಾಗುವ ಪ್ರಯೋಜನವು ಅಲ್ಪವೇ. ಅಂಥ ಮಗುವನ್ನು ಜನರು ಮೊಂಡ, ದಡ್ಡ ಎಂದು ಕರೆಯುವರು. ಆ ಹೆಸರು ಅದರ ಮನಸ್ಸಿನಲ್ಲಿ ಬಹುಕಾಲ ನಿಲ್ಲುವದು. ಆದದರಿಂದ ಮನೆಯಲ್ಲಿ ಕಲಿಸತಕ್ಕ ನಾಲ್ಕು ಪಾಠಗಳನ್ನು ಆಲೋಚಿಸೋಣ.

೧. ಅಗಲಿಕೆಯನ್ನು ತಾಳುವದು. ಮಗುವಿಗೆ ಹೇಳದೆ ಕದ್ದು ಹೋಗಬಾರದು. ಯಾಕಂದರೆ ಅದರಿಂದ ಅಂಜಿಕೆಯು ಹೆಚ್ಚುವದು. "ಊಟದ ಹೊತ್ತಿಗೆ ಬರುವೆನು" ಎಂದು ಹೇಳಿ ತಪ್ಪದೆ ಬರಬೇಕು. ಮೊದಲು ಅಜ್ಜಿಯ ಬಳಿ ಸ್ವಲ್ಪ ಹೊತ್ತು, ತರುವಾಯ ನೆರೆಮನೆಯಲ್ಲಿ ಹೆಚ್ಚು ಹೊತ್ತು ಬಿಟ್ಟು ರೂಢಿ ಮಾಡಿಸಿರಿ.

೨. ಸರದಿ ಕಾಯುವದು. ಚೌಕಾಬಾರವನ್ನಾಡುವಾಗ ಕವಡೆಗಳು ತನ್ನ ಕೈಗೆ ಬರುವ ತನಕ ಕಾಯುವ ಮಗುವು, ಶಾಲೆಯ ಊಟದ ಸಾಲಿನಲ್ಲಿಯೂ ಕಾಯುವದು. ಚಿಕ್ಕದೆಂದು ಪ್ರತಿಸಾರಿಯೂ ಅದನ್ನೇ ಗೆಲ್ಲಿಸಬೇಡಿರಿ.

೩. ಬೇಕಾದದ್ದನ್ನು ಬಾಯಿಂದ ಹೇಳುವದು. ನೀರಡಿಕೆ, ಹೊಟ್ಟೆನೋವು, ಬಹಿರ್ದೆಶೆಯ ಅವಸರ, ಇವುಗಳನ್ನು ಪರರ ಮುಂದೆ ನಾಚದೆ ಹೇಳಲು ಕಲಿಸಿರಿ. ಸಿಟ್ಟು ಬಂದಾಗಲೂ ಕೈಯೆತ್ತದೆ ಮಾತಿನಿಂದ ತಿಳಿಸಲಿ.

೪. ಕೇಳಿ ನಡೆಯುವದು. "ಚೊಂಬನ್ನು ಒಳಗಿಟ್ಟು ಚಾಪೆಯನ್ನು ತಾ" ಎಂಬಂಥ ಎರಡು ಕೆಲಸಗಳನ್ನು ಒಟ್ಟಿಗೆ ಹೇಳಿ ನೋಡಿರಿ. ಕರೆದರೂ ಓಗೊಡದ ಮಗುವನ್ನು ಅವಿಧೇಯನೆಂದು ದಂಡಿಸುವ ಮುಂಚೆ ಅದರ ಕಿವಿಯನ್ನು ವೈದ್ಯರಿಗೆ ತೋರಿಸಿರಿ.

ಇಂಥ ಪಾಠಗಳು ಆಟದಿಂದಲೇ ಬರುವವು. ಜರ್ಮನಿ ದೇಶದ ಫ್ರೋಬೆಲನು ೧೮೩೭ರಲ್ಲಿ ಆಟಪಾಟಗಳ ಶಿಶುಶಾಲೆಯನ್ನು ತೆರೆದು, ೧೮೪೦ರಲ್ಲಿ ಅದಕ್ಕೆ ಮಕ್ಕಳ ತೋಟವೆಂಬರ್ಥದ ಹೆಸರನ್ನಿಟ್ಟನು. ನಮ್ಮ ದೇಶದಲ್ಲಿ ೧೯೭೫ನೆಯ ಅಕ್ಟೋಬರ ೨ರಂದು ಆರಂಭವಾದ ಯೋಜನೆಯಿಂದ ಅಂಗನವಾಡಿಗಳು ಉಂಟಾದವು. ಇವು ಆಹಾರ ಹಂಚುವ ಸ್ಥಳಗಳು ಮಾತ್ರವೆಂದೆಣಿಸಬೇಡಿರಿ. ೩ರಿಂದ ೬ ವರುಷದ ಮಕ್ಕಳು ಇತರರೊಡನೆ ಬೆರೆಯಲು ಕಲಿಯುವದು ಅಲ್ಲಿಯೇ.

ಹಾಗಾದರೆ ಈ ಪಾಠಗಳನ್ನು ಕಲಿಯದ ಮಗುವನ್ನು ಮನೆಯಲ್ಲಿಯೇ ಇಟ್ಟುಕೊಳ್ಳಬೇಕೋ? ಹಾಗಲ್ಲ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ ಮಗುವನ್ನು ಪರೀಕ್ಷಿಸಿ ಆರಿಸಿಕೊಳ್ಳಕೂಡದು, ಹೊಡೆಯಲೂ ಕೂಡದು. ಮಗುವು ಶಾಲೆಗೆ ಸಿದ್ಧವಾಗಬೇಕಾದಂತೆಯೇ ಶಾಲೆಯೂ ಮಗುವಿಗೆ ಸಿದ್ಧವಾಗಿರತಕ್ಕದ್ದು. ಅಳುವ ಮಗುವಿನ ಕೈಹಿಡಿದು ಹೆಸರಿನಿಂದ ಕರೆಯುವ ಉಪಾಧ್ಯಾಯರು ಮೊದಲನೆಯ ಪಾಠವನ್ನು ಆಗಲೇ ಕಲಿಸಿದ್ದಾರೆ.

ಪ್ರಶ್ನೆಗಳು: ೧. ಮಗುವಿಗೆ ಹೇಳದೆ ಹೋಗುವದರಿಂದಾಗುವ ಕೇಡೇನು? ೨. ನಿಮ್ಮ ಮನೆಯ ಮಗುವಿಗೆ ಈ ನಾಲ್ಕರಲ್ಲಿ ಯಾವದು ಕಷ್ಟ? ಅದಕ್ಕೆ ಈ ವಾರ ನೀವು ಮಾಡತಕ್ಕದ್ದೇನು?