ಪ್ರತಿಮಂತ್ರದ ಜೋಡಿ: ವಿಶೇಷಣದ ಸ್ಥಾನ ಮತ್ತು ಸಮತೆಯ ಪ್ರಶ್ನೆ

ಆಟವೆಂಬುದು ನಿಯಮಗಳಿಂದ ಕಟ್ಟಿದ ಪುಟ್ಟ ಲೋಕ. ಅಲ್ಲಿ ಮಾತೇ ಶಾಸನ. ಆ ಶಾಸನದ ಒಂದು ಪದ ತನ್ನ ಸ್ಥಾನದಿಂದ ಸರಿದರೂ ಬಲಾಬಲಗಳು ಬದಲಾಗುತ್ತವೆ. ಇದಕ್ಕೆ 1993ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡಿನ ಆಟ ಉತ್ತಮ ನಿದರ್ಶನ. ಅದರ ನಿರ್ಮಾತೃ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್. ಆಟಗಾರರು ಮಾಂತ್ರಿಕರಂತೆ ಎದುರುಬದುರಾಗಿ ಕುಳಿತು, ತಾವು ಸಂಗ್ರಹಿಸಿದ ಕಾರ್ಡುಗಳಿಂದ ಮಂತ್ರಗಳನ್ನು ಪ್ರಯೋಗಿಸುವುದು ಈ ಆಟದ ಕ್ರಮ.

ಇಲ್ಲಿನ ಮಂತ್ರಗಳಿಗೆ ಬಿಳಿ, ನೀಲಿ, ಕಪ್ಪು, ಕೆಂಪು, ಹಸುರು ಎಂಬ ಐದು ಬಣ್ಣಗಳು. ಒಂದೊಂದಕ್ಕೂ ಒಂದೊಂದು ಸ್ವಭಾವ. ಕೆಂಪು ಅಗ್ನಿಯದು, ಆವೇಗದ್ದು. ನೀಲಿ ಜಲದ್ದು, ವಿವೇಚನೆಯದು. ಎದುರಾಳಿಯ ಮಂತ್ರವನ್ನು ಅದು ಫಲಿಸುವ ಮುನ್ನವೇ ತಡೆಯುವ ಪ್ರತಿಮಂತ್ರ ಮುಖ್ಯವಾಗಿ ನೀಲಿಯ ಸ್ವತ್ತು. ಆದರೂ ಮೊದಲ ಸಂಪುಟದಲ್ಲಿಯೇ ‘ರೆಡ್ ಎಲಿಮೆಂಟಲ್ ಬ್ಲಾಸ್ಟ್’, ‘ಬ್ಲೂ ಎಲಿಮೆಂಟಲ್ ಬ್ಲಾಸ್ಟ್’ ಎಂಬ ಜೋಡಿ ಕಾರ್ಡುಗಳು ಬಂದವು. ಮೊದಲನೆಯದು ನೀಲಿ ಮಂತ್ರವನ್ನು ತಡೆಯುತ್ತದೆ, ಇಲ್ಲವೆ ಕಣದಲ್ಲಿ ನೆಲೆನಿಂತ ನೀಲಿ ಕಾರ್ಡನ್ನು ನಾಶಮಾಡುತ್ತದೆ. ಎರಡನೆಯದು ಕೆಂಪಿನ ಮೇಲೆ ಅದನ್ನೇ ಮಾಡುತ್ತದೆ. ಎರಡಕ್ಕೂ ತೆರಬೇಕಾದ ಬೆಲೆ ‘ಮಾನಾ’ ಎಂಬ ಶಕ್ತಿಯ ಒಂದೇ ಅಂಶ.

1995ರ ‘ಐಸ್ ಏಜ್’ ಸಂಪುಟದಲ್ಲಿ ಈ ಜೋಡಿ ಹೊಸ ರೂಪ ತಳೆಯಿತು. ‘ಪೈರೋಬ್ಲಾಸ್ಟ್’, ‘ಹೈಡ್ರೋಬ್ಲಾಸ್ಟ್’ ಎಂಬುವು ಹೊಸ ಹೆಸರುಗಳು. ಬೆಲೆ ಅದೇ, ಉದ್ದೇಶವೂ ಅದೇ. ಬದಲಾದದ್ದು ವಾಕ್ಯರಚನೆ ಮಾತ್ರ. ಹಿಂದೆ ಬಣ್ಣವು ಗುರಿಗೆ ವಿಶೇಷಣವಾಗಿತ್ತು. ಈಗ ಫಲಕ್ಕೆ ನಿಬಂಧನೆಯಾಯಿತು.

ಈ ಭೇದವನ್ನು ತರಗತಿಯಲ್ಲಿ ಹೀಗೆ ತಿಳಿಸಬಹುದು. “ಕೆಂಪು ಹೂವನ್ನು ಕೊಯ್ಯಿ” ಎಂಬುದು ಒಂದು ಆಜ್ಞೆ. “ಹೂವೊಂದನ್ನು ಆರಿಸು, ಅದು ಕೆಂಪಾಗಿದ್ದರೆ ಕೊಯ್ಯಿ” ಎಂಬುದು ಇನ್ನೊಂದು. ಕೆಂಪು ಹೂವೇ ಇಲ್ಲದ ತೋಟದಲ್ಲಿ ಮೊದಲ ಆಜ್ಞೆಯನ್ನು ಆರಂಭಿಸಲೂ ಬಾರದು. ಎರಡನೆಯದನ್ನು ಆರಂಭಿಸಬಹುದು, ಬಿಳಿ ಹೂವನ್ನು ಆರಿಸಿ ಬರಿಗೈಯಲ್ಲಿ ಹಿಂದಿರುಗಿದರೂ ಆಜ್ಞಾಪಾಲನೆ ನಡೆದಂತೆಯೇ ಲೆಕ್ಕ. ಅಂತೆಯೇ ಪೈರೋಬ್ಲಾಸ್ಟನ್ನು ನೀಲಿಯಲ್ಲದ ಗುರಿಯ ಮೇಲೂ ಪ್ರಯೋಗಿಸಬಹುದು. ಫಲವಿಲ್ಲದಿದ್ದರೂ ಪ್ರಯೋಗವೆಂಬುದು ನಡೆಯುತ್ತದೆ. ಆಡಿದ ಮಂತ್ರಗಳ ಸಂಖ್ಯೆಯಿಂದಲೇ ಬಲ ಪಡೆಯುವ ಕಾರ್ಡುಗಳು ಮುಂದೆ ಬಂದಾಗ ಈ ಬರಿಗೈ ಪ್ರಯೋಗವೂ ಲಾಭವಾಯಿತು. ಈ ಸಡಿಲತೆಗೆ ಬೆಲೆಯೂ ಉಂಟು. ಗುರಿಯನ್ನು ತಿರುಗಿಸಬಲ್ಲ ಎದುರಾಳಿ ಅದನ್ನು ನೀಲಿಯಲ್ಲದ ಕಾರ್ಡಿನತ್ತ ತಿರುಗಿಸಿ ವ್ಯರ್ಥಗೊಳಿಸಬಹುದು. ಹಳೆಯ ಕಾರ್ಡಿಗೆ ಹೊಸ ಗುರಿಯೂ ನೀಲಿಯೇ ಆಗಿರಬೇಕು.

ಪದಕ್ಕೆ ಪದ ಹೊಂದುವ ಈ ಜೋಡಿ ನಿಜವಾಗಿ ಸಮವೇ? ಅಲ್ಲ. ನೀಲಿಯ ಬಳಿ ಬೇರೆ ಪ್ರತಿಮಂತ್ರಗಳು ಹೇರಳವಾಗಿವೆ. ಕೆಂಪಿಗಾದರೋ ಇಂಥ ತಡೆ ಅಪರೂಪ. ಹಳೆಯ ಕಾರ್ಡುಗಳಿಗೆ ಅವಕಾಶವಿರುವ ಸ್ಪರ್ಧೆಗಳಲ್ಲಿ ನೀಲಿ ಪ್ರಬಲವಾದುದರಿಂದ ಪೈರೋಬ್ಲಾಸ್ಟಿಗೆ ಬೇಡಿಕೆಯೂ ಹೆಚ್ಚು. ಉಳ್ಳವನಿಗೂ ಇಲ್ಲದವನಿಗೂ ಒಂದೇ ಅಳತೆಯಲ್ಲಿ ಕೊಟ್ಟುದು ಒಂದೇ ತೂಕವಾಗಲಿಲ್ಲ.

2019ರ ‘ಕೋರ್ ಸೆಟ್ 2020’ರಲ್ಲಿ ಬೇರೆ ಮಾರ್ಗ ಕಾಣುತ್ತದೆ. ಐದು ಬಣ್ಣಗಳಿಗೂ ತಮ್ಮ ವಿರೋಧಿ ಬಣ್ಣಗಳೆರಡನ್ನು ಎದುರಿಸುವ ಒಂದೊಂದು ಕಾರ್ಡು ದೊರೆಯಿತು. ಕೆಂಪಿನ ‘ಫ್ರೈ’ ಮಂತ್ರವನ್ನು ತಡೆಯುವುದಿಲ್ಲ. ತಾನೂ ತಡೆಗೆ ಸಿಗದೆ, ಬಿಳಿ ಅಥವಾ ನೀಲಿ ಜೀವಿಯನ್ನು ಸುಡುತ್ತದೆ. ನೀಲಿಯ ‘ಈಥರ್ ಗಸ್ಟ್’ ನಾಶಮಾಡುವುದಿಲ್ಲ. ಕೆಂಪು ಅಥವಾ ಹಸುರು ಕಾರ್ಡನ್ನು ಒಡೆಯನ ಕಾರ್ಡುಕಟ್ಟಿನ ಮೇಲಕ್ಕೋ ತಳಕ್ಕೋ ಕಳುಹಿಸುತ್ತದೆ. ಇವು ಕನ್ನಡಿಯ ಪ್ರತಿಬಿಂಬಗಳಲ್ಲ. ಒಂದೊಂದೂ ತನ್ನ ಸ್ವಭಾವದಂತೆ ಎದುರಾಳಿಗೆ ಉತ್ತರ ಕೊಡುತ್ತದೆ. ಇಲ್ಲಿ ಬಣ್ಣವು ಮರಳಿ ಗುರಿಯ ವಿಶೇಷಣವಾಗಿರುವುದೂ ಗಮನಾರ್ಹ.

ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸುವ ಅಧ್ಯಾಪಕರಿಗೂ ವಿದ್ಯಾರ್ಥಿವೇತನದ ನಿಬಂಧನೆ ಬರೆಯುವ ದಾನಿಗಳಿಗೂ ಇಲ್ಲಿ ಪಾಠವುಂಟು. “ಬಡ ವಿದ್ಯಾರ್ಥಿಗಳು ಅರ್ಜಿ ಸಲ್ಲಿಸಲಿ” ಎಂಬುದು ಬಾಗಿಲಲ್ಲಿಯೇ ಆರಿಸುತ್ತದೆ. “ಎಲ್ಲರೂ ಸಲ್ಲಿಸಲಿ, ಬಡವರಾದರೆ ಕೊಡೋಣ” ಎಂಬುದು ಒಳಗೆ ಕರೆದು ಆರಿಸುತ್ತದೆ. ಯಾವುದು ಯುಕ್ತವೆಂಬುದನ್ನು ಬರೆಯುವ ಮುನ್ನವೇ ವಿಚಾರಿಸಬೇಕು. ಬರೆದ ಮೇಲೆ ಆಡುವವರು ಅನುಸರಿಸುವುದು ಬರೆದವನ ಮನಸ್ಸನ್ನಲ್ಲ, ಅವನ ವಾಕ್ಯವನ್ನು.